ಬೇಟೆರಾಯನ ಕಲ್ಲಿನ ಕೆಳಗೆ

"ನನ್ನ ಮಗ ಕಾಯಿಲೆ ಮಾಂಸ ಮಾರೋನಲ್ಲ ಕಣವ್ವ. ಬೇಕಾದ್ರೆ ಜೈಲಲ್ಲಿರ್ಲಿ, ಆದ್ರೆ ಆ ಹೆಸರು ಬ್ಯಾಡ," ಎಂದು ರಂಗಲಕ್ಷ್ಮಮ್ಮ ಬಾಗಿಲಲ್ಲೇ ನಿಂತು ಹೇಳಿದರು. ಚಪ್ಪಲಿ ಬಿಡುವುದನ್ನೂ ಮರೆತು ನಡುಮನೆಗೆ ಬಂದರು. ಬಸವಲಿಂಗಮ್ಮನವರು ಒಂದು ಲೋಟ ನೀರು ಕೊಟ್ಟು ಕೂರಿಸಿದರು.

ಹೆಡ್ ಕಾನ್‌ಸ್ಟೆಬಲ್ ಆಗಿ ರಿಟೈರ್ ಆದ ಮೇಲೂ ಬಸವಲಿಂಗಮ್ಮನವರಿಗೆ ಪುರುಸೊತ್ತು ಎಂಬುದಿಲ್ಲ. ಸ್ಟೇಷನ್ ಮೆಟ್ಟಿಲು ಹತ್ತಲು ಹೆದರುವವರೆಲ್ಲ ತುಮಕೂರಿನ ಈ ಮನೆಯ ಮೆಟ್ಟಿಲು ಹತ್ತುತ್ತಾರೆ. ನಾನು ಗಂಗರಾಜು. ಗುಬ್ಬಿಯಲ್ಲಿ ಇಪ್ಪತ್ತೆರಡು ವರ್ಷ ಮಟನ್ ಸ್ಟಾಲ್ ನಡೆಸಿ, ಮಂಡಿ ನೋವಿಗೆ ಅಂಗಡಿ ಮುಚ್ಚಿ, ಈಗ ಅವರನ್ನು ನನ್ನ ಓಮ್ನಿಯಲ್ಲಿ ಕೂರಿಸಿಕೊಂಡು ಊರೂರು ಸುತ್ತುವವನು. ಹಣೆ ತುಂಬ ವಿಭೂತಿ ಹಚ್ಚಿ, ಆಮ್ಲೆಟ್ ವಾಸನೆಗೂ ಮೂಗು ಮುಚ್ಚಿಕೊಳ್ಳುವ ಹೆಂಗಸಿಗೂ ಕುರಿ ಕುಯ್ಯುವವನಿಗೂ ಇದ್ಯಾವ ಸೀಮೆ ಸ್ನೇಹ ಎಂದು ಜನ ನಗುತ್ತಾರೆ. ನಗಲಿ ಬಿಡಿ.

ರಂಗಲಕ್ಷ್ಮಮ್ಮನ ಜೊತೆ ಅವರ ಅಣ್ಣ ಸಿದ್ದಯ್ಯನೂ ಬಂದಿದ್ದ. ಅವನನ್ನು ಕಂಡು ನಾನು ಎದ್ದು ನಿಂತು ಕೈ ಮುಗಿದೆ. ಯಾಕೆ ಅಂತ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಸಿ.ಎಸ್. ಪುರಕ್ಕೂ ಕೊತ್ತಗೆರೆಗೂ ನಡುವೆ ಕುರುಚಲು ಕಾಡೊಂದಿದೆ. ಸಂಕ್ರಾಂತಿ ಕಳೆದ ಮೇಲೆ ಅಲ್ಲಿ ಜಿಂಕೆಗಳು ಸಾಯತೊಡಗಿದವು. ಗಂಟಲು ಊದಿಸಿಕೊಂಡು, ಜೊಲ್ಲು ಸುರಿಸುತ್ತ ಬೆಳಿಗ್ಗೆ ನೀರಿಗೆ ಬಂದದ್ದು ಸಂಜೆಗೆ ಕೆರೆ ದಂಡೆಯಲ್ಲಿ ಕಾಲು ಚಾಚಿರುತ್ತಿತ್ತು. ಗಂಟಲುಬೇನೆ ಎಂದರು ಪಶುವೈದ್ಯ ರವಿಕಿರಣ್. ಹನ್ನೊಂದು ಜಿಂಕೆಗಳನ್ನು ಸುಣ್ಣ ಸುರಿದು ಒಂದೇ ಗುಂಡಿಯಲ್ಲಿ ಹೂತರು. ಆ ಗುಂಡಿ ಕಾಯುವ ಕೆಲಸ ರಂಗಲಕ್ಷ್ಮಮ್ಮನ ಮಗ ಅಂಜನ್‌ನದು. ಅರಣ್ಯ ಇಲಾಖೆಯಲ್ಲಿ ಅವನು ದಿನಗೂಲಿ ವಾಚರ್.

ಬೇಟೆಯನ್ನು ಸರ್ಕಾರ ನಿಷೇಧಿಸಿ ಎಷ್ಟೋ ಕಾಲವಾಯಿತು. ಆದರೂ ಯುಗಾದಿಯ ಮಾರನೇ ದಿನ, ಹೊಸತೊಡಕಿಗೆ, ಈ ಕಡೆಯ ಗಂಡಸರು ಬಲೆ ಹೊತ್ತು ಕದ್ದುಮುಚ್ಚಿ ಕಾಡಿಗೆ ನುಗ್ಗುವುದು ನಿಂತಿರಲಿಲ್ಲ. ಅದನ್ನು ನಿಲ್ಲಿಸಿದವನು ಸಿದ್ದಯ್ಯ. ಬೇಟೆಯ ಯಜಮಾನಿಕೆ ಅವನ ಮನೆತನದ್ದು. ಕಾಯಿಲೆ ಬಿದ್ದ ಕಾಡಿಗೆ ಯಾರೂ ಕಾಲಿಡಕೂಡದು ಎಂದು ಊರ ಗುಡಿಯಲ್ಲಿ ಕರ್ಪೂರ ಹಚ್ಚಿ ಎಲ್ಲರಿಂದ ಆಣೆ ಮಾಡಿಸಿದ. ಹದಿನೇಳು ಮನೆಯ ಬಲೆಗಳನ್ನು ಗುಡಿಯ ಪಡಸಾಲೆಯಲ್ಲಿ ಹಾಕಿ ಬೀಗ ಜಡಿಸಿದ. ಅವತ್ತು ಅವನ ಕೊರಳಿಗೆ ಹಾರ ಹಾಕಿದವನು ನಾನೇ. ಚಿಕ್ಕಂದಿನಲ್ಲಿ ಅವನ ಅಪ್ಪನ ಹಿಂದೆ ಬೇಟೆಗೆ ಹೋದವನು ನಾನು. ಹಾರ ಹಾಕಿ ಅವನನ್ನು ತಬ್ಬಿಕೊಂಡೂಬಿಟ್ಟೆ, ಸುಳ್ಳೇಕೆ ಹೇಳಲಿ.

ಯುಗಾದಿಗೆ ಹತ್ತು ದಿನ ಇರುವಾಗ ಅಂಜನ್ ಸಿಕ್ಕಿಬಿದ್ದ. ವಸಂತನರಸಾಪುರದ ರಸ್ತೆಯಲ್ಲಿ ಪೊಲೀಸರು ಬೈಕ್ ತಡೆದರೆ ಚೀಲದಲ್ಲಿ ಜಿಂಕೆ ಮಾಂಸ. ಅಲ್ಲಿನ ಒಬ್ಬ ಕಟ್ಟಡದ ಮೇಸ್ತ್ರಿಯ ಲೇಬರ್ ಶೆಡ್‌ನಲ್ಲಿ ಅದಕ್ಕೂ ಮುಂಚೆ ಎರಡು ಸಲ ಜಿಂಕೆ ಬೆಂದಿತ್ತಂತೆ. ಗುಂಡಿಯಿಂದ ಕಾಯಿಲೆ ಜಿಂಕೆ ತೆಗೆದು ಮಾರಿದ್ದಾನೆ ಎಂದು ಸುದ್ದಿಯಾಯಿತು. ಹದಿನಾಲ್ಕು ಜನ ಕೂಲಿಗಳು ಹೆದರಿ ಆಸ್ಪತ್ರೆ ಸೇರಿದರು. ಚೀಲ ಯಾರು ಕೊಟ್ಟರು ಎಂದು ಕೇಳಿದರೆ ಅಂಜನ್ ತುಟಿ ಬಿಚ್ಚುತ್ತಿಲ್ಲ. ಐದು ದಿನದಿಂದ ತುಮಕೂರು ಜೈಲಿನಲ್ಲಿದ್ದಾನೆ.

"ತಿಂದೋರು ಸತ್ರೆ ಏನ್ಮಾಡ್ಲವ್ವ ನಾನು?" ಎಂದು ರಂಗಲಕ್ಷ್ಮಮ್ಮ ಸೆರಗು ಬಾಯಿಗೆ ಒತ್ತಿಕೊಂಡರು.

"ತಿಂದೋರಿಗೇನೂ ಆಗಾಕಿಲ್ಲ ಬುಡು, ಸುಮ್ಕೆ ಅಳ್ಬ್ಯಾಡ," ಎಂದು ಸಿದ್ದಯ್ಯ ತಂಗಿಯ ಬೆನ್ನು ಸವರಿದ. ಆಮೇಲೆ ಬಸವಲಿಂಗಮ್ಮನವರ ಕಡೆ ತಿರುಗಿ, "ಮೇಡಂ, ಹುಡ್ಗ ತೆಪ್ಪೊಪ್ಕಂಡ್ರೆ ಶಿಕ್ಷೆ ಕಮ್ಮಿ ಆಯ್ತದಂತಲ್ಲ? ನೀವೊಂದು ಮಾತು ಹೇಳಿ ಒಪ್ಸಿ. ವಯಸ್ಸಿನ್ನೂ ಚಿಕ್ಕದು," ಎಂದ.

"ಮೊದಲು ಅವನನ್ನ ನೋಡ್ತೀನಿ, ಆಮೇಲೆ ಒಪ್ಸೋ ಮಾತು," ಎಂದರು ಬಸವಲಿಂಗಮ್ಮ.

ಜೈಲಿನಲ್ಲಿ ಜಾಲರಿಯ ಆಚೆ ನಿಂತ ಅಂಜನ್‌ಗೆ ಐದೇ ದಿನದಲ್ಲಿ ಕೆನ್ನೆ ಒಳಕ್ಕೆ ಹೋಗಿತ್ತು. ಅವನು ಕೇಳಿದ ಮೊದಲ ಮಾತು, "ಆಸ್ಪತ್ರೇಲಿರೋರು ಹೆಂಗವ್ರೆ ಮೇಡಂ?"

"ಚೆನ್ನಾಗಿದಾರೆ. ಚೀಲ ಯಾರು ಕೊಟ್ರಪ್ಪ?"

ಅವನು ನೆಲ ನೋಡಿದ. "ಚೀಲದೊಳ್ಗೆ ನಾಟಿ ಕೋಳಿ ಅಂದ್ಕಂಡಿದ್ದೆ. ಇಷ್ಟೇ ನಾನು ಹೇಳೋದು."

"ಯಾರಿಗಾದರೂ ಹೆದರಿದೀಯಾ?"

"ಹೆದರಿಕೆ ಏನಿಲ್ಲ ಮೇಡಂ," ಎಂದ. ಕಣ್ಣು ತುಂಬಿಕೊಂಡಿತ್ತು.

ಮೈ ಪರಚಿಕೊಳ್ಳುವ ಹಾಗಾಯಿತು ನನಗೆ. ಹೊರಗೆ ಬಂದು, "ಎರಡು ಏಟು ಬಿಗಿದ್ರೆ ಬಾಯಿ ಬಿಡ್ತಾನೆ ಅಕ್ಕಾವ್ರೆ," ಎಂದೆ. ಅವರು ನನ್ನನ್ನು ನೋಡಿದ ರೀತಿಗೆ ತೆಪ್ಪಗೆ ಗಾಡಿ ಸ್ಟಾರ್ಟ್ ಮಾಡಿದೆ.

ಗುಬ್ಬಿಯ ಅರಣ್ಯ ಕಚೇರಿಯಲ್ಲಿ ಫಾರೆಸ್ಟರ್ ತಿಮ್ಮರಾಜು ಮತ್ತು ಡಾಕ್ಟರ್ ರವಿಕಿರಣ್ ಇಬ್ಬರೂ ಸಿಕ್ಕಿದರು. ಇಬ್ಬರೂ ಬೇರೆ ಜಿಲ್ಲೆಯವರು, ಬಂದು ವರ್ಷವಾಗಿರಲಿಲ್ಲ. ತಿಮ್ಮರಾಜುಗೆ ಕೇಸು ಮುಗಿಸುವ ಆತುರ. "ಗುಂಡಿ ಕಾಯ್ತಿದ್ದೋನು ಅವನು, ಮಾಂಸ ಸಿಕ್ಕಿದ್ದು ಅವನ ಹತ್ರ. ಇನ್ನೇನು ಬೇಕು ಮೇಡಂ?" ಎಂದ. ಡಾಕ್ಟರು ಸ್ಯಾಂಪಲ್ ಲ್ಯಾಬಿಗೆ ಕಳಿಸಿದ್ದರು, ರಿಪೋರ್ಟ್ ಬಂದಿರಲಿಲ್ಲ. ಚೀಲದ ಮಾಂಸದ ಫೋಟೋಗಳನ್ನು ಮೊಬೈಲಿನಲ್ಲಿ ತೋರಿಸಿದರು.

ಬಸವಲಿಂಗಮ್ಮ ಮುಖ ಆಚೆ ತಿರುಗಿಸಿ ಮೊಬೈಲನ್ನು ನನ್ನ ಕೈಗೆ ಕೊಟ್ಟರು. "ನಿನ್ನ ವಿದ್ಯೆ ಇದು. ನೋಡಿ ಹೇಳು."

ನೋಡಿದೆ. ನೋಡಿದ ತಕ್ಷಣ ಗೊತ್ತಾಯಿತು. "ಇದು ಸತ್ತ ಪ್ರಾಣಿದಲ್ಲ ಅಕ್ಕಾವ್ರೆ. ತಾನಾಗಿ ಸತ್ರೆ ರಕ್ತ ಒಳಗೇ ನಿಂತು ಮಾಂಸ ಕಪ್ಪಿಟ್ಟಿರ್ತದೆ. ಇದು ತಿಳಿ ಕೆಂಪು. ಜೀವ ಇದ್ದಾಗ ಕತ್ತು ಕುಯ್ದು, ರಕ್ತ ಪೂರಾ ಇಳಿಸವ್ರೆ. ಕೈ ಪಳಗಿದೋನ ಕೆಲಸ."

ಡಾಕ್ಟರ ಮುಖ ಕೆಂಪಾಯಿತು. ಮೊಬೈಲು ಇಸಿದುಕೊಂಡು ಹಿಗ್ಗಿಸಿ ನೋಡಿ, "ನಾನೂ ಎಲ್ಲರ ಹಾಗೆ ಗುಂಡಿಯದ್ದೇ ಅಂದ್ಕೊಂಡ್ಬಿಟ್ಟೆ," ಎಂದು ಆಸ್ಪತ್ರೆಗೆ ಫೋನ್ ಮಾಡಲು ಎದ್ದರು.

ಮಧ್ಯಾಹ್ನ ತಿಮ್ಮರಾಜು ನಮ್ಮನ್ನು ಕಾಡಿಗೆ ಕರೆದೊಯ್ದ. ಕಾಯಿಲೆಯ ಭಯಕ್ಕೆ ದನ ಮೇಯಿಸುವವರೂ ಆ ಕಡೆ ಸುಳಿಯುತ್ತಿರಲಿಲ್ಲ. ಗುಂಡಿಯ ಮೇಲೆ ಸುಣ್ಣ ಗಟ್ಟಿಯಾಗಿ ಹಪ್ಪಳ ಕಟ್ಟಿತ್ತು, ಎಲ್ಲೂ ಒಡೆದಿರಲಿಲ್ಲ. ಕೆರೆಯಂಚಿನ ಪೊದೆಯೊಂದರಲ್ಲಿ ಬೈಕಿನ ಕ್ಲಚ್ ವೈರಿನ ಉರುಲು ಸಿಕ್ಕಿತು. ಉರುಲು ಹಾಕುವವನಿಗೆ ಬಲೆಯೂ ಬೇಡ, ಜನವೂ ಬೇಡ.

"ನೀವು ಬೇಟೆಯಾಡಿದ ಕಾಲದಲ್ಲಿ, ಪ್ರಾಣಿ ಬಿದ್ದ ಮೇಲೆ ಮೊದಲು ಏನು ಮಾಡ್ತಿದ್ರಿ ಗಂಗರಾಜು?" ಎಂದು ಬಸವಲಿಂಗಮ್ಮ ಇದ್ದಕ್ಕಿದ್ದಂತೆ ಕೇಳಿದರು.

ಹೇಳಿದೆ. ಯಜಮಾನ ಬರುವ ತನಕ ಯಾರೂ ಕತ್ತಿ ಹಾಕುವಂತಿಲ್ಲ. ಅವನು ಎಡಗಿವಿಯ ತುದಿ ಉಗುರಿನಷ್ಟು ಕುಯ್ದು, ಕೆರೆ ನೀರಲ್ಲಿ ತೊಳೆದು, ಬೇಟೆರಾಯನ ಕಲ್ಲಿನ ಬುಡದಲ್ಲಿಟ್ಟು, ಮೇಲೊಂದು ಬೆಣಚುಕಲ್ಲು ಹೇರಬೇಕು. ದೇವರ ಪಾಲು ಮೊದಲು, ಮನುಷ್ಯರ ಪಾಲು ಆಮೇಲೆ.

ಆ ಕಲ್ಲು ದೂರವಿರಲಿಲ್ಲ. ಹೋಗಿ ನೋಡಿದರೆ ಬುಡದಲ್ಲಿ ಹೊಸದಾಗಿ ಇಟ್ಟ ನಾಲ್ಕು ಬೆಣಚುಕಲ್ಲು. ಒಂದೊಂದೇ ಎತ್ತಿದೆ. ಮೂರರ ಕೆಳಗಿನ ತುಂಡು ಒಣಗಿ ಹಳೇ ಚಪ್ಪಲಿಯ ಚರ್ಮದಂತಾಗಿತ್ತು. ನಾಲ್ಕನೆಯದು ಮೆತ್ತಗಿತ್ತು, ಇರುವೆ ಮುತ್ತಿತ್ತು.

"ಈ ಶಾಸ್ತ್ರ ಮಾಡೋ ಹಕ್ಕು ಯಾರ್ಯಾರಿಗಿದೆ?"

"ಸಿದ್ದಯ್ಯನಿಗೆ," ಎಂದೆ. ಕೈಯಲ್ಲಿದ್ದ ಬೆಣಚುಕಲ್ಲನ್ನು ಕೆಳಗಿಟ್ಟೆ. "ಅಂಜನ್‌ಗೂ ಕಲಿಸಿದ್ದ. ಅಪ್ಪನಿಲ್ಲದ ಅಳಿಯನನ್ನ ಐದು ವರ್ಷದವನಿದ್ದಾಗಿಂದ ಸಾಕಿದ್ದೇ ಅವನು." ಅಲ್ಲಿಗೆ ಹುಡುಗನ ಕತೆ ಮುಗೀತು ಅಂದುಕೊಂಡೆ. ಬಸವಲಿಂಗಮ್ಮ ಮಾತ್ರ ಇರುವೆಗಳನ್ನೇ ನೋಡುತ್ತ ಕೂತಿದ್ದರು. ಆಮೇಲೆ ತಿಮ್ಮರಾಜುಗೆ ನಾಲ್ಕೂ ತುಂಡುಗಳ ಫೋಟೋ ತೆಗೆದು ಜೋಪಾನವಾಗಿ ಕಟ್ಟಿಕೊಳ್ಳಲು ಹೇಳಿದರು.

ಮಾರನೇ ದಿನ ಬೆಳಿಗ್ಗೆ ಹತ್ತಕ್ಕೆ ಎಲ್ಲರನ್ನೂ ಗುಡಿಯ ಪಡಸಾಲೆಗೆ ಕರೆಸಿದರು. ಬೀಗ ಹಾಕಿದ ಬಲೆಗಳ ಕೋಣೆಯ ಮುಂದೆ ಚಾಪೆ ಹಾಸಿತ್ತು. ಹದಿನೇಳು ಮನೆಯ ಗಂಡಸರು, ಡಾಕ್ಟರು, ತಿಮ್ಮರಾಜು ಬಂದಿದ್ದರು. ರಂಗಲಕ್ಷ್ಮಮ್ಮ ಅಣ್ಣನ ಪಕ್ಕದಲ್ಲೇ ಕೂತಿದ್ದರು.

"ಮೊದಲು ಒಳ್ಳೇ ಸುದ್ದಿ," ಎಂದು ಬಸವಲಿಂಗಮ್ಮ ಶುರು ಮಾಡಿದರು. "ಕೂಲಿಗಳು ತಿಂದಿದ್ದು ಕಾಯಿಲೆ ಮಾಂಸ ಅಲ್ಲ. ಗುಂಡಿ ಯಾರೂ ಮುಟ್ಟಿಲ್ಲ, ಮಾಂಸದಲ್ಲಿ ರಕ್ತ ನಿಂತಿಲ್ಲ, ನಿನ್ನೆ ರಾತ್ರಿ ಬಂದ ಲ್ಯಾಬ್ ರಿಪೋರ್ಟಲ್ಲೂ ಕಾಯಿಲೆ ಇಲ್ಲ. ಆರೋಗ್ಯವಾಗಿದ್ದ ಜಿಂಕೆನ ಉರುಲಿಗೆ ಕೆಡವಿ ಕುಯ್ದಿದಾರೆ. ಆಸ್ಪತ್ರೆಯಿಂದ ಎಲ್ಲರೂ ಮನೆಗೆ ಹೋದರು."

ರಂಗಲಕ್ಷ್ಮಮ್ಮ ಗುಡಿಯ ಕಡೆ ತಿರುಗಿ ಕೈ ಮುಗಿದರು.

"ಆದರೆ ನಿನ್ನೆ ಬೆಳಿಗ್ಗೆ ಇದು ಡಾಕ್ಟರಿಗೂ ಗೊತ್ತಿರಲಿಲ್ಲ. ಊರೆಲ್ಲ ಹೆದರಿತ್ತು. ನನ್ನ ಮನೆಗೆ ಬಂದ ಒಬ್ಬರಿಗೆ ಮಾತ್ರ ಆ ಹೆದರಿಕೆ ಇರಲಿಲ್ಲ. ತಿಂದೋರಿಗೇನೂ ಆಗಲ್ಲ ಅಂತ ಖಡಾಖಂಡಿತವಾಗಿ ಹೇಳಿದರು. ಜೊತೆಗೆ, ಹುಡುಗ ಮಾಡಿದಾನೋ ಇಲ್ಲವೋ ಅಂತ ಕೇಳಲಿಲ್ಲ, ಒಪ್ಪಿಸಿ ಅಂದರು. ಅಂಜನ್ ಯಾರಿಗೂ ಹೆದರಿ ಬಾಯಿ ಮುಚ್ಚಿಲ್ಲ. ಯಾವುದೋ ಇಲಾಖೆ ಸಾಹೇಬರಿಗೋಸ್ಕರ ಐದು ದಿನ ಯಾರೂ ಜೈಲಲ್ಲಿ ಕೂರಲ್ಲ. ಅನ್ನ ಹಾಕಿದ ಕೈಗೋಸ್ಕರ ಕೂರ್ತಾರೆ."

ಎಲ್ಲರ ಕತ್ತು ಒಂದೇ ಕಡೆ ತಿರುಗಿತು. ನಾನು ಮಾತ್ರ ತಿರುಗಲಿಲ್ಲ. ಬೇಡ ದೇವರೇ, ಇವನಾಗುವುದು ಬೇಡ ಎಂದು ಚಾಪೆಯ ಎಳೆ ಕೀಳುತ್ತ ಕೂತಿದ್ದೆ.

"ಬೇಟೆರಾಯನ ಕಲ್ಲಿನ ಕೆಳಗೆ ನಾಲ್ಕು ಕಿವಿ ತುದಿ ಸಿಕ್ಕಿದೆ. ಆಣೆ ಆದ ಮೇಲೆ ನಾಲ್ಕು ಜಿಂಕೆ ಬಿದ್ದಿದೆ ಅಂತ ಅರ್ಥ. ಈ ಶಾಸ್ತ್ರ ಹೊರಗಿನವರಾದ ಡಾಕ್ಟರಿಗೂ ಗೊತ್ತಿಲ್ಲ, ತಿಮ್ಮರಾಜುಗೂ ಗೊತ್ತಿಲ್ಲ. ನಿಮ್ಮಲ್ಲಿ ಬಾಕಿಯವರಿಗೆ ಮಾಡೋ ಹಕ್ಕಿಲ್ಲ. ಇಬ್ಬರಿಗೆ ಮಾತ್ರ ಉಂಟು. ನಾಲ್ಕನೇ ತುಂಡು ಇನ್ನೂ ಹಸಿ, ಒಂದು ದಿನದ್ದಿರಬಹುದು. ಅಂಜನ್ ಒಳಗೆ ಹೋಗಿ ಆವತ್ತಿಗೆ ಐದು ದಿನ ಆಗಿತ್ತು." ಅವರು ದನಿ ತಗ್ಗಿಸಿದರು. "ಮಾಡಿದವನಿಗೆ ದೇವರ ಭಯವೂ ಇಲ್ಲ ಬಿಡಿ. ಆ ತುದಿ ತೊಳೆಯದೆ, ರಕ್ತ ಮಣ್ಣು ಸಮೇತ ಎಸೆದು ಹೋಗಿದಾನೆ."

"ಯಾರ್ ಹೇಳ್ದೋರು?" ಸಿದ್ದಯ್ಯ ಎದ್ದೇಬಿಟ್ಟ. "ತೊಳ್ದೇ ಮಡಗಿದ್ದು ಕಣವ್ವ! ಕೆರೆಗಿಳ್ದು ಮೂರ್ ಸಲ ತೊಳ್ದಿವ್ನಿ. ನಮ್ಮಪ್ಪನ ಕಾಲ್ದಿಂದ ಒಂದ್ ಅಪಚಾರ..."

ಅಲ್ಲಿಗೆ ನಿಲ್ಲಿಸಿದ. ಹೇಳಿದ್ದೇನು ಅಂತ ಅವನ ಕಿವಿಗೆ ಆಗ ಬಿದ್ದಿರಬೇಕು. ತಿಮ್ಮರಾಜು ಬಾಗಿಲ ಹತ್ತಿರ ಹೋಗಿ ನಿಂತ.

"ಆಣೆ ಹಾಕಿಸಿದ್ದು ಯಾಕೆ ಅಂತ ಈಗ ಎಲ್ಲರಿಗೂ ತಿಳೀತಲ್ಲ," ಎಂದರು ಬಸವಲಿಂಗಮ್ಮ. "ಹದಿನೇಳು ಮನೆ ಬಲೆ ಒಳಗೆ, ಕಾಡು ಇವರೊಬ್ಬರದ್ದು."

"ಯಾಕ್ಲಾ ಸಿದ್ದ?" ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ನಾನು ನಿನಗೆ ಹಾರ ಹಾಕಿದ್ನಲ್ಲೋ!"

"ಎಲ್ರಿಗೂ ಪಾಲು ಹಂಚಿದ್ ಕೈ ಕಣೋ ಇದು, ಸುಮ್ನೆ ಕೂರ್ಲಿಲ್ಲ," ಎಂದು ಸಿದ್ದಯ್ಯ ನೆಲ ನೋಡಿದ. "ಹುಡ್ಗನ್ನ ತಡೀತಾರೆ ಅಂತ ನಾನೇನ್ ಕನಸು ಕಂಡಿದ್ನಾ?"

"ಅವನು ಜೈಲಿಗೆ ಹೋದ್ಮೇಲೂ ಒಂದು ಕುಯ್ದ್ಯಲ್ಲ?"

"ಹೊಸತೊಡಕಿಗೆ ಬಾಡು ಒಣಗ್ಸಿ ಕೊಡ್ತೀನಿ ಅಂತ ಮೇಸ್ತ್ರಿಗೆ ಮಾತು ಕೊಟ್ಬುಟ್ಟಿದ್ದೆ."

ಥೂ! ದೇವರಿಗೆ ಕೊಟ್ಟ ಮಾತು ಮುರಿದ, ಊರಿಗೆ ಕೊಟ್ಟದ್ದು ಮುರಿದ, ಮೇಸ್ತ್ರಿಗೆ ಕೊಟ್ಟ ಮಾತು ಮಾತ್ರ ಉಳಿಸಿಕೊಳ್ಳಬೇಕಿತ್ತು ಈ ಗಿರಾಕಿಗೆ. ನನ್ನ ಬಾಯಿಗೆ ಬಂದದ್ದನ್ನೆಲ್ಲ ಬೈದೆ, ಇಲ್ಲಿ ಬರೆಯುವಂಥದ್ದಲ್ಲ.

ರಂಗಲಕ್ಷ್ಮಮ್ಮ ಬೈಯಲಿಲ್ಲ. ಅಣ್ಣನ ಪಕ್ಕದಿಂದ ಎದ್ದು, ಚಾಪೆಯ ಇನ್ನೊಂದು ತುದಿಗೆ ಹೋಗಿ ಕೂತರು. "ನನ್ ಜೊತೆ ಬಸ್ ಹತ್ತಿ ತುಮಕೂರ್ಗಂಟ ಬಂದ್ಯಲ್ಲಣ್ಣ," ಎಂದರು. "ದಾರಿ ಉದ್ದುಕ್ಕೂ ನಾನು ಅಳ್ತಿದ್ರೆ ನೋಡ್ಕಂಡೇ ಕುಂತಿದ್ದ್ಯಲ್ಲ." ತಿಮ್ಮರಾಜು ಸಿದ್ದಯ್ಯನನ್ನು ಜೀಪಿಗೆ ಹತ್ತಿಸಿದ. ಸಂಜೆಗೆ ಮೇಸ್ತ್ರಿಯೂ ಎಲ್ಲ ಒಪ್ಪಿಕೊಂಡನಂತೆ.

ಸೋಮವಾರ ಅಂಜನ್‌ಗೆ ಬೇಲ್ ಆಯಿತು. ಅವನ ಮೇಲಿನ ಕೇಸು ಕೈಬಿಡುವಂತೆ ತಿಮ್ಮರಾಜು ತಾನೇ ಬರೆದುಕೊಟ್ಟಿದ್ದ. ಜೈಲಿನ ಗೇಟಿನ ಮುಂದೆ ನಾವು ಮೂವರೂ ನಿಂತಿದ್ದೆವು. ಅವನು ಹೊರಗೆ ಬಂದು ಅವ್ವನ ಕಾಲು ಮುಟ್ಟಿದ, ಬಸವಲಿಂಗಮ್ಮನವರಿಗೆ ಕೈ ಮುಗಿದ. ಆಮೇಲೆ ನಮ್ಮ ಹಿಂದೆ, ರಸ್ತೆಯ ಆ ಬದಿಯವರೆಗೂ ಕಣ್ಣಾಡಿಸಿದ.

"ಯಾರ್ನ ನೋಡ್ತಿದೀಯ ಮಗ? ನಿಮ್ಮಾವ ಬರಾಕಿಲ್ಲ," ಎಂದರು ರಂಗಲಕ್ಷ್ಮಮ್ಮ. "ಚೀಲ ಕೊಟ್ಟೋನು ಅವ್ನೇ ಅಂತ ಗೊತ್ತಾಯ್ತು. ಅವ್ನೀಗ ಒಳ್ಗವ್ನೆ."

"ಅವ್ನಾಗೇ ಬಂದು ಹೇಳಿದ್ನಾ?" ಅಂಜನ್‌ನ ಮುಖ ಅರಳಿತು. ಆ ಮುಖ ನನಗೆ ಇವತ್ತಿಗೂ ಮರೆಯಲಾಗಿಲ್ಲ.

ಸಿದ್ದಯ್ಯನಿಗೆ ಸುಳ್ಳಿನ ಗಾಳ ಹಾಕಿದ್ದ ಬಸವಲಿಂಗಮ್ಮನವರು ಇವನಿಗೆ ಸುಳ್ಳು ಹೇಳಲಿಲ್ಲ. "ಇಲ್ಲಪ್ಪ, ಹಿಡಿದಿದ್ದು," ಎಂದರು.

ಅವನು ರಸ್ತೆಯ ಕಡೆಯಿಂದ ಮುಖ ತಿರುಗಿಸಿದ. "ದಿನಾ ಕಾಯ್ತಿದ್ದೆ ಮೇಡಂ," ಎಂದ. "ಇವತ್ತು ಬಂದು ಹೇಳ್ತಾನೆ, ನಾಳೆ ಬಂದು ಹೇಳ್ತಾನೆ ಅಂತ. ಅವ್ನು ಬಂದೇ ಬತ್ತಾನೆ ಅಂತಲೇ ನಾನು ಬಾಯಿ ಬಿಟ್ಟಿರ್ಲಿಲ್ಲ."