ಫಿಲೊಮೆನಾಳ ಕಂದು ಕೋಟು

ಗೂಟ ಖಾಲಿಯಾಗಿತ್ತು.

ಡೊನಾತೊ ಇನ್ನೊಂದು ಸಲ ನೋಡಿದ. ವಸತಿಗೃಹದ ಬಾಗಿಲ ಪಕ್ಕದ ಗೋಡೆಗೆ ಆರು ಗೂಟ. ತನ್ನ ಜಾಕೆಟ್ಟು, ಹೆಂಡತಿ ಇಮ್ಮಾಳದು, ಮಗಳು ಟೆಕ್ಲಾಳ ಹಸಿರು ಕೋಟು, ತೊರೀನೊದಿಂದ ಬಂದಿದ್ದ ದಂಪತಿಗಳ ಎರಡು—ಎಲ್ಲ ಇದ್ದವು. ಕೊನೆಯ ಗೂಟದಲ್ಲಿ ಅವನ ತಾಯಿ ಫಿಲೊಮೆನಾಳ ಕಂದು ಉಣ್ಣೆಯ ಕೋಟು ಇರಬೇಕಿತ್ತು. ಅವನ ತಂದೆ ಬದುಕಿದ್ದಾಗ ಊರಿನ ದರ್ಜಿಯಿಂದ ಹೊಲಿಸಿಕೊಟ್ಟ ಕೋಟು. ಮೂವತ್ತು ಚಳಿಗಾಲ ಕಂಡದ್ದು.

ವೆನಿಸ್ಸಿಗೆ ಬಂದು ಎರಡೇ ದಿನವಾಗಿತ್ತು. ಹೊರಗೆ ಜನವರಿಯ ಮಂಜು ಕಾಲುವೆಯ ಆಚೆದಡವನ್ನು ನುಂಗಿಕೊಂಡು ಕೂತಿತ್ತು. ಒಂಬತ್ತಕ್ಕೆ ದೊಡ್ಡ ಚರ್ಚು, ಹನ್ನೊಂದಕ್ಕೆ ಗಂಟೆಗೋಪುರ, ಒಂದಕ್ಕೆ ಸೇತುವೆ ಎಂದು ಡೊನಾತೊ ಪಟ್ಟಿ ಮಾಡಿಟ್ಟಿದ್ದ. ದಕ್ಷಿಣದ ಆಲ್ತಮೂರಾ ಊರಿನಲ್ಲಿ ಜನರಿಗೆ ಕಾರು ಓಡಿಸಲು ಕಲಿಸುವ ಮನುಷ್ಯ. ಹೊತ್ತಿಗೆ ಸರಿಯಾಗಿ ಹೊರಡದಿದ್ದರೆ ಅವನಿಗೆ ಮೈಯೆಲ್ಲ ಉರಿ.

"ಅಮ್ಮನ ಕೋಟು ಯಾರು ತೆಗೆದ್ರಿ?" ಎನ್ನುತ್ತ ಅವನು ಊಟದ ಕೋಣೆಗೆ ನುಗ್ಗಿದ.

ಯಾರೂ ತೆಗೆದಿರಲಿಲ್ಲ. ಫಿಲೊಮೆನಾ ಕನ್ನಡಕದೊಳಗಿನಿಂದ ಮಗನನ್ನು ನೋಡಿ ಮೆಲ್ಲಗೆ, "ಹೋಗ್ಲಿ ಬಿಡೋ, ಹಳೇ ಕೋಟು. ನೀವೆಲ್ಲ ಹೋಗ್ಬನ್ನಿ. ನಂಗೆ ಇವತ್ತು ಮಲಗಿರೋಣ ಅನ್ನಿಸ್ತಿದೆ" ಅಂದಳು.

"ಬಿಡೋದಾ? ಅಪ್ಪ ಕೊಡಿಸಿದ ಕೋಟು!"

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಆ ಬಾಗಿಲಿನಿಂದ ಒಳಗೆ ಬಂದವಳು ಒಬ್ಬಳೇ—ಕೆಲಸದಾಕೆ ಲ್ಯುಬಾ. ಮೊಲ್ದೋವಾ ದೇಶದವಳು, ಐವತ್ತು ದಾಟಿದವಳು. ಆಗ ತಾನೇ ಬ್ರೆಡ್ಡಿನ ಬುಟ್ಟಿ ಹಿಡಿದು ಬಂದಳು.

"ಏನಮ್ಮಾ, ಬೆಳಿಗ್ಗೆ ಎಷ್ಟು ಹೊತ್ತಿಗೆ ಬಂದೆ?"

"ಆರಕ್ಕೆ."

"ಆಗ ಕೋಟು ಇತ್ತಾ?"

ಲ್ಯುಬಾ ಬುಟ್ಟಿಯನ್ನು ಮೇಜಿನ ಮೇಲಿಟ್ಟಳು.

"ಇತ್ತೋ ಇಲ್ವೋ?"

"ನಾನು ಕದ್ದಿಲ್ಲ."

"ಕದ್ದೆ ಅಂತ ನಾನೆಲ್ಲಿ ಹೇಳ್ದೆ? ನಿನ್ನ ಬಾಯಲ್ಲೇ ಬಂತಲ್ಲ! ಎಲ್ಲಿ, ಚೀಲ ತೋರಿಸು."

"ಅಪ್ಪಾ, ಎಲ್ಲಾ ನೋಡ್ತಿದಾರೆ," ಎಂದು ಟೆಕ್ಲಾ ಅವನ ತೋಳು ಜಗ್ಗಿದಳು. ತೊರೀನೊದ ಹೆಂಗಸು ಚಮಚ ಕೆಳಗಿಟ್ಟು ನಿಜವಾಗಿಯೂ ನೋಡುತ್ತಿದ್ದಳು. ಡೊನಾತೊ ಕೇಳಲಿಲ್ಲ. ಅಡಿಗೆಮನೆಯ ಬಾಗಿಲಲ್ಲಿ ನೇತಾಡುತ್ತಿದ್ದ ಚೀಲವನ್ನು ತಂದು ಮೇಜಿನ ಮೇಲೆ ಬೋರಲು ಹಾಕಿದ. ಮಾತ್ರೆಗಳು, ಬಾಚಣಿಗೆ, ಮಡಚಿದ ಏಪ್ರನ್ನು. ಕೊನೆಗೆ ಕೆಂಪು ದಾರ ಕಟ್ಟಿದ ಒಂದು ಪೊಟ್ಟಣ ಬಿತ್ತು. ಬಿಚ್ಚಿದರೆ ಬಾದಾಮಿ ಬಿಸ್ಕತ್ತು—ಅವನ ತಾಯಿ ದಾರಿಗೆಂದು ಊರಲ್ಲೇ ಬೇಯಿಸಿ ತಂದದ್ದು.

"ಇದು? ಇದೂ ತಾನಾಗೇ ನಡ್ಕೊಂಡು ಬಂತಾ?"

"ಕೊಟ್ರು."

"ಯಾರು?"

ಲ್ಯುಬಾ ಚೆಲ್ಲಿದ ಮಾತ್ರೆಗಳನ್ನು ಒಟ್ಟುಮಾಡತೊಡಗಿದಳು. ಅವಳ ಕಿವಿಯವರೆಗೂ ಕೆಂಪೇರಿತ್ತು. ಫಿಲೊಮೆನಾ ತಟ್ಟೆಯನ್ನೇ ನೋಡುತ್ತಿದ್ದಳು.

"ಪೊಲೀಸರಿಗೆ ಫೋನು ಮಾಡ್ತೀನಿ!"

"ಅಷ್ಟು ದೂರ ಯಾಕೆ ಸ್ವಾಮಿ?" ಎಂಬ ದನಿ ಬಂತು.

ಮೂಲೆಯಲ್ಲಿ ಕಾಫಿ ಕುಡಿಯುತ್ತಿದ್ದ ಮುದುಕ ಎದ್ದು ನಿಂತ. ಅಲ್ವೀಸೆ—ವಸತಿಗೃಹದ ಒಡತಿಯ ಅಣ್ಣ. ಮೂವತ್ತೈದು ವರ್ಷ ಪೊಲೀಸು ಕೆಲಸ ಮಾಡಿ ನಿವೃತ್ತನಾಗಿ, ಈಗ ತಂಗಿಯ ಮನೆಯ ಬಾಯ್ಲರು, ನಲ್ಲಿ, ಬೀಗ ನೋಡಿಕೊಂಡಿದ್ದವನು.

"ನನಗೆ ಐದು ನಿಮಿಷ ಕೊಡಿ," ಎಂದು ಅವನು ಎಲ್ಲೋ ಹೋಗಿ ಬಂದ. ಬಂದವನು ಡೊನಾತೊನನ್ನು ಮಾತ್ರ ಹೊರಗಿನ ಮೊಗಸಾಲೆಗೆ ಕರೆದ.

"ಕೋಟು ಕೊನೇ ಸಲ ನೋಡಿದ್ದು ಯಾವಾಗ?"

"ನಿನ್ನೆ ಸಂಜೆ. ಬುರಾನೊ ದ್ವೀಪದಿಂದ ಬಂದ್ವಿ. ಎಲ್ಲರದೂ ಆದ್ಮೇಲೆ ಅಮ್ಮನೇ ಗೂಟಕ್ಕೆ ಹಾಕಿದ್ಲು. ಹಾಕಿ ಸೀದಾ ಮಹಡಿಗೆ ಹೋದ್ಲು. ಊಟಕ್ಕೂ ಇಳೀಲಿಲ್ಲ."

"ಜೇಬಲ್ಲಿ ಏನಾದ್ರೂ ಇತ್ತಾ?"

"ಕನ್ನಡಕ ಇತ್ತು. ಮಂಜಿಗೆ ಮಸುಕಾಗುತ್ತೆ ಅಂತ ದೋಣಿಯಲ್ಲೇ ತೆಗೆದು ಒಳಜೇಬಿಗೆ ಹಾಕ್ಕೊಂಡ್ಲು."

"ಎಷ್ಟು ಕನ್ನಡಕ ಇದೆ ನಿಮ್ಮ ತಾಯಿಗೆ?"

"ಒಂದೇ—"

ಡೊನಾತೊ ಅಲ್ಲಿಗೇ ನಿಂತ. ಬಾಗಿಲ ಸಂದಿನಲ್ಲಿ ಅವನ ತಾಯಿ ಕಾಣುತ್ತಿದ್ದಳು. ಮೂಗಿನ ಮೇಲೆ ಅದೇ ಕನ್ನಡಕ.

"ಕೋಟು ಕದ್ದವನು ಕನ್ನಡಕ ವಾಪಸ್ ತಂದುಕೊಡಲ್ಲ," ಅಂದ ಅಲ್ವೀಸೆ. "ಜೇಬು ಖಾಲಿ ಮಾಡಿದ್ದು ನಿಮ್ಮ ತಾಯೀನೇ. ಅಂದ್ರೆ ಕೋಟು ಎಲ್ಲಿಗೆ ಹೋಯ್ತು ಅಂತ ಅವರಿಗೆ ಗೊತ್ತು. ಲ್ಯುಬಾಗೂ ಗೊತ್ತು. ಬಿಸ್ಕತ್ತು ಉಪಕಾರಕ್ಕೆ ಕೊಟ್ಟದ್ದು. ನೀವು ಕೇಳಿದಾಗ ಇಬ್ಬರೂ ಬಾಯಿ ಬಿಡಲಿಲ್ಲ. ಯಾಕೆ?"

"ಯಾಕೆ?"

"ಅವರ ಕಾಫಿ ನೋಡಿ. ನಿನ್ನೆ ಎರಡು ಲೋಟ ಕುಡಿದ್ರು. ಇವತ್ತು ಒಂದು ಗುಟುಕೂ ಇಲ್ಲ, ನೀರೂ ಮುಟ್ಟಿಲ್ಲ. ಹೊರಗೆ ಹೋಗೋ ದಿನ ಬಾಯಾರ್ಕೊಂಡೇ ಇರೋಣ ಅಂತ ಯಾವಾಗ ಅನ್ಸುತ್ತೆ, ಡೊನಾತೊ ಅವರೇ? ನಿನ್ನೆ ದೋಣಿ ಹತ್ತೋಕೆ ಮುಂಚೆ ಏನಾಯ್ತು, ನೆನಪಿಸ್ಕೊಳ್ಳಿ."

ನೆನಪಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ಬುರಾನೊದ ದೋಣಿಕಟ್ಟೆ. ಜನರ ಸಾಲು. ಅಮ್ಮ ಅವನ ತೋಳು ಮುಟ್ಟಿ, "ಇನ್ನೊಂದು ಸಲ ಬಾತ್‌ರೂಮಿಗೆ ಹೋಗ್ಬರ್ತೀನಪ್ಪ, ಅಲ್ಲೇ ಕಾಫಿ ಅಂಗಡೀಲಿದೆ" ಅಂದಿದ್ದಳು. ಅದು ಆ ದಿನದ ಮೂರನೆಯ ಸಲ. ಅವನು ಎಲ್ಲರಿಗೂ ಕೇಳುವ ಹಾಗೆ ಸಿಡುಕಿದ್ದ: "ಅರ್ಧ ಗಂಟೆಗೊಂದು ಸಲ ನಿನಗೋಸ್ಕರ ನಿಂತ್ರೆ ನಾವು ವೆನಿಸ್ ನೋಡಿದ ಹಾಗೇ! ತಡ್ಕೋ. ಚಿಕ್ಕ ಮಗುನಾ ನೀನು?" ಹಿಂದೆ ಯಾರೋ ಕಿಸಕ್ಕೆಂದಿದ್ದರು. ಅಮ್ಮ ನಕ್ಕ ಹಾಗೆ ಮಾಡಿ ದೋಣಿ ಹತ್ತಿದ್ದಳು. ಮಂಜಿನಲ್ಲಿ ದೋಣಿ ತೆವಳುತ್ತ ಬಂತು. ಅರ್ಧ ದಾರಿಯಲ್ಲಿ ಅವಳು ಸೀಟು ಬಿಟ್ಟು ಎದ್ದಳು, ಕಂಬಕ್ಕೆ ಬೆನ್ನು ಕೊಟ್ಟು ಕೊನೆಯವರೆಗೂ ನಿಂತೇ ಇದ್ದಳು. ಇಳಿದ ಮೇಲೆ ಎಲ್ಲರಿಗಿಂತ ಹಿಂದೆ ನಡೆದಳು. ಆಗಲೂ ಅವನು ತಿರುಗಿ, "ಬೇಗ ಬಾಮ್ಮಾ!" ಎಂದು ಕೂಗಿದ್ದ.

ಅಲ್ವೀಸೆ ಬಾಯ್ಲರ್ ಕೋಣೆಯ ಬಾಗಿಲು ತೆಗೆದ. ಬೆಚ್ಚಗಿನ ಕೊಳವೆಯ ಮೇಲೆ, ಹಳೆಯ ಪರದೆಯ ಹಿಂದೆ, ಕಂದು ಕೋಟು ತೂಗುತ್ತಿತ್ತು. ಕೆಳಗಿನ ಅಂಚಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಪಕ್ಕದಲ್ಲಿ ಒಂದು ಜೊತೆ ಕಾಲುಚೀಲ. ಸಾಬೂನಿನ ವಾಸನೆ.

"ನೀವೆಲ್ಲ ಏಳೋದ್ರೊಳಗೆ ಒಗೆಯೋಣ ಅಂತ ಬೆಳಿಗ್ಗೆ ಇಳಿದು ಬಂದಿರ್ಬೇಕು," ಅಂದ ಅವನು. "ಲ್ಯುಬಾ ಬಂದಳು, ನೋಡಿದಳು, ಕೈಯಿಂದ ಇಸ್ಕೊಂಡು ತಾನೇ ಒಗೆದಳು. ಸಂಜೆಗೆ ಒಣಗುತ್ತೆ, ಯಾರಿಗೂ ಗೊತ್ತಾಗಲ್ಲ ಅಂತ ಮಾತಾಗಿರ್ಬೇಕು. ಅವಳು ಆ ಮಾತು ಉಳಿಸ್ಕೊಂಡ್ಲು—ಕಳ್ಳಿ ಅನ್ನಿಸ್ಕೊಂಡು."

ಡೊನಾತೊ ಕೋಟಿನ ಒದ್ದೆ ಅಂಚು ಮುಟ್ಟಿದ. "ಅಮ್ಮ ಯಾಕೆ ಬಾಯಿ ಬಿಡ್ಲಿಲ್ಲ? ಆ ಹೆಂಗಸನ್ನ ನಾನು ಅಷ್ಟೆಲ್ಲ..."

"ಅವರು ಮಾಡಿದ್ದೂ ಸರಿಯಲ್ಲ. ಆದ್ರೆ ನೀವು ಯಾರೆದುರಿಗೆ ಹೇಳಿ ಅಂತಿದ್ರಿ? ಸೊಸೆ, ಮೊಮ್ಮಗಳು, ಗುರುತಿಲ್ಲದೋರು." ಅಲ್ವೀಸೆ ಪರದೆ ಎಳೆದ. "ಕಳ್ಳ ಯಾರು ಅಂತ ಹುಡುಕ್ತಿದ್ರಲ್ಲ, ಸ್ವಾಮಿ. ನಿಮ್ಮ ತಾಯಿ ಮೈಮೇಲಿನ ಕೋಟು ತೆಗೆಸಿದೋರು ನೀವೇ."

ಡೊನಾತೊ ಗೋಡೆಗೆ ಒರಗಿದ. ನೆಲ ಬಿರಿದು ನುಂಗಿದರೆ ಸಾಕೆನಿಸಿತು. ಸ್ವಲ್ಪ ಹೊತ್ತಾದ ಮೇಲೆ, ಲ್ಯುಬಾಳನ್ನು ಇಲ್ಲಿಗೇ ಕರೆದುಬಿಟ್ಟರೆ ಗುಟ್ಟಾಗಿ ಕ್ಷಮೆ ಕೇಳಬಹುದಲ್ಲ ಎಂಬ ಯೋಚನೆ ಬಂತು. ಬಂದದ್ದಕ್ಕೇ ನಾಚಿಕೆಯಾಯಿತು. ಬೈದದ್ದು ಎಲ್ಲರೆದುರಿಗೆ.

ಅವನು ಊಟದ ಕೋಣೆಗೆ ವಾಪಸಾದ. ಎಲ್ಲರೂ ಅವನ ಮುಖ ನೋಡಿದರು. ಫಿಲೊಮೆನಾಳ ಕೈ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದಿತ್ತು.

"ಕೋಟು ಸಿಕ್ತು," ಅಂದ ಡೊನಾತೊ. "ನಿನ್ನೆ ನಾನೇ... ಅದರ ಮೇಲೆ ವೈನ್ ಚೆಲ್ಲಿದ್ದೆ. ಒಗೆಯೋಕೆ ಹಾಕಿ ಅಂತ ನಾನೇ ಹೇಳಿ ಮರೆತುಬಿಟ್ಟಿದ್ದೆ. ಇವರದ್ದೇನೂ ತಪ್ಪಿಲ್ಲ. ಎಲ್ಲ ನಂದೇ."

"ಮರೆತ್ಯಾ?" ಇಮ್ಮಾಳ ದನಿ ಏರಿತು. "ಒಬ್ಬ ಹೆಂಗಸಿನ ಚೀಲ ಸುರಿದು ಮಾನ ಕಳೆದು, ಈಗ ಮರೆತೆ ಅಂತೀಯಾ? ನಿನ್ನ ತಲೇಲಿ ಏನಿದೆ?"

"ಏನಿಲ್ಲ."

ತೊರೀನೊದ ಗಂಡಸು ಹೆಂಡತಿಯ ಕಿವಿಯಲ್ಲಿ ಏನೋ ಅಂದ. ಅವಳು ಬಾಯಿಗೆ ಕರವಸ್ತ್ರ ಒತ್ತಿಕೊಂಡಳು. ಟೆಕ್ಲಾ ಅಪ್ಪನ ಕಡೆ ನೋಡಲೇ ಇಲ್ಲ. ಫಿಲೊಮೆನಾ ನೋಡಿದಳು. ಮಗನಿಗೆ ಎಲ್ಲ ತಿಳಿದಿದೆ ಎಂದು ಅವಳಿಗೂ ತಿಳಿಯಿತು. ಇಬ್ಬರೂ ಒಟ್ಟಿಗೇ ಕಣ್ಣು ತಗ್ಗಿಸಿದರು. ಆಮೇಲೆ ಮುದುಕಿ ಕೈ ಚಾಚಿ, ಪಕ್ಕದಲ್ಲೇ ನಿಂತಿದ್ದ ಲ್ಯುಬಾಳ ಮಣಿಕಟ್ಟು ಹಿಡಿದುಕೊಂಡಳು.

ಡೊನಾತೊ ಲ್ಯುಬಾಳ ಎದುರು ಬಂದು ನಿಂತ.

"ಲ್ಯುಬಾ ಅವರೇ, ನಾನು ನಿಮ್ಮನ್ನ ಕಳ್ಳಿ ಅಂದೆ. ನಿಮ್ಮ ಚೀಲಕ್ಕೆ ಕೈ ಹಾಕಿದೆ. ದೊಡ್ಡ ತಪ್ಪು ಮಾಡಿದೆ. ಕ್ಷಮಿಸಿ."

ಪರವಾಗಿಲ್ಲ ಅಂದಾಳೆಂದು ಅವನು ಕಾದ.

ಲ್ಯುಬಾ ಮುದುಕಿಯ ಕೈಯನ್ನು ಮೃದುವಾಗಿ ಬಿಡಿಸಿ, ಅವಳ ಮಡಿಲಲ್ಲಿಟ್ಟಳು.

"ಕೇಳಿಸ್ಕೊಂಡೆ," ಅಂದು, ಮೇಜು ಒರೆಸುವ ಬಟ್ಟೆ ತರಲು ಹೋದಳು.