ಕೋಡಿ ಒಡೆದ ಸಂಜೆ

"ಕೋಡಿ ಎತ್ತರಿಸಿ ಅಂತ ಮೀಟಿಂಗಲ್ಲಿ ಗಂಟಲು ಹರ್ಕೊಂಡಿದ್ದು ನೀವೇ ಕಣ್ರೀ!" ಕೆರೆ ಏರಿಯ ಮೇಲೆ ನಿಂತು ಮಹಾಂತೇಶ್ ರೇಗಿದ.

"ಸಿಮೆಂಟ್ ಕೊಟ್ಟಿದ್ದು ನಿಮ್ಮ ಫ್ಯಾಕ್ಟರಿ. ಗೋಡೆ ಕಟ್ಟಿದ್ದು ಇಲಾಖೆ. ಈಗ ತಪ್ಪೆಲ್ಲಾ ನನ್ನ ತಲೆಗೇ ಕಟ್ತೀರಾ?"

ಹೇಮಶ್ರೀ ಕಿರುಚಿದಳು. ಕಿರುಚದಿದ್ದರೆ ಅತ್ತುಬಿಡುತ್ತಿದ್ದಳು. ಮಳೆ ಮಧ್ಯಾಹ್ನವೇ ನಿಂತಿತ್ತು. ಆದರೂ ಮೇಟಗಳ್ಳಿಯ ಹಿಂದಿನ ಆ ಕೆರೆಗೆ ನೀರು ನುಗ್ಗುತ್ತಲೇ ಇತ್ತು. ಏರಿಯ ಕೆಳಗಿನ ಬೀದಿಯಲ್ಲಿ ದೀಪ ಹಚ್ಚುವ ಹೊತ್ತು. ಅಲ್ಲಿ ಆಡುವ ಮಕ್ಕಳ ನಗು ಮೇಲಕ್ಕೆ ಕೇಳುತ್ತಿತ್ತು.

ಎರಡು ವರ್ಷದ ಹಿಂದೆ ಅದು ಬರೀ ಕೊಳಚೆ ಗುಂಡಿ. ಸರಸ್ವತಿಪುರಂನಲ್ಲಿ ಟ್ಯುಟೋರಿಯಲ್ ಪಾಠ ಹೇಳುವ ಹೇಮಶ್ರೀ ಬೀದಿಯವರನ್ನು ಒಟ್ಟುಗೂಡಿಸಿ, ನೀರಾವರಿ ಇಲಾಖೆಯ ಬಾಗಿಲು ಬಡಿದು, ಪಕ್ಕದ ಫ್ಯಾಕ್ಟರಿಯಿಂದ ಜೆಸಿಬಿ ತರಿಸಿದ್ದಳು. ಜೆಸಿಬಿಯ ಹಿಂದೆ ಬಂದವನು ಫ್ಯಾಕ್ಟರಿಯ ಎಂಜಿನಿಯರ್ ಮಹಾಂತೇಶ್. ಹೂಳು ಹೊರುವಾಗ ಅವಳ ಕೆನ್ನೆಗೆ ಕೆಸರು ಸಿಡಿದಿತ್ತು.

"ಒರೆಸ್ಕೋಬೇಡಿ ಮೇಡಂ. ಕೆರೆ ದೃಷ್ಟಿಬೊಟ್ಟು ಇಟ್ಟಿದೆ," ಅಂದಿದ್ದ, ಕಣ್ಣಂಚಿನಲ್ಲೇ ನಗುತ್ತಾ.

ಅಂದಿನಿಂದ ಕೆರೆ ನೋಡುವ ನೆಪ. ನೋಡುತ್ತಿದ್ದದ್ದು ಒಬ್ಬರನ್ನೊಬ್ಬರು.

ಕೆರೆ ತುಂಬಿದರೆ ಬೆಳ್ಳಕ್ಕಿ ಬರುತ್ತವೆ ಎಂದು ನಂಬಿದವಳು ಅವಳೇ. ಹೆಚ್ಚಾದ ನೀರು ಹೊರಬೀಳುವ ಕೋಡಿಗೆ ಗೋಡೆ ಏರಿಸಿ ಎಂದಳು. ಫ್ಯಾಕ್ಟರಿ, ಇಲಾಖೆ, ಬೀದಿಯವರು, ಎಲ್ಲರೂ ಹೂಂ ಅಂದರು. ಬೇಡ ಅನ್ನಲು ಒಬ್ಬರಿಗೂ ಬುದ್ಧಿ ಬರಲಿಲ್ಲ. ಈಗ ಏರಿಯ ಬುಡದಲ್ಲಿ ನೀರು ಜಿನುಗುತ್ತಿತ್ತು.

"ಕೆಂಪಗೆ ಬರ್ತಿದೆ ನೋಡು ಹೇಮಾ. ಒಳಗಿನ ಮಣ್ಣೇ ಕೊಚ್ಚಿ ಬರ್ತಿದೆ."

ಮೊದಲ ಸಲ ಅವನು 'ಮೇಡಂ' ಬಿಟ್ಟು ಹೆಸರು ಹಿಡಿದು ಕರೆದಿದ್ದ. ಎಷ್ಟು ದಿನ ಕಾದಿದ್ದ ಕರೆ! ಬಂದದ್ದು ಇಂಥ ಸುದ್ದಿಯ ಜೊತೆ.

"ಇಲಾಖೆಯೋರು?"

"ಬೆಳಿಗ್ಗೆ ನೋಡೋಣ ಅಂದ್ರು. ಬೆಳಿಗ್ಗೆ ತನಕ ಏರಿ ಇರಲ್ಲ. ಕೋಡಿ ಗೋಡೆ ಒಡೀಬೇಕು." ಅವನು ಹಾರೆ ಎತ್ತಿಕೊಂಡ. "ನೀನು ಮನೆಗಳನ್ನ ಖಾಲಿ ಮಾಡ್ಸು."

"ಒಬ್ಬರೇ ಹೋಗ್ಬೇಡಿ, ಕಾಲು ಜಾರುತ್ತೆ."

"ಬಂದು ನಿಮ್ಮ ಅಪ್ಪಾಜಿ ಹತ್ರ ನಮ್ಮಿಬ್ಬರ ವಿಷಯ ಮಾತಾಡ್ತೀನಿ. ಅವರಿಗಿಂತ ಕೋಡಿನೇ ವಾಸಿ ಬಿಡು."

ಅವಳು ನಗಲಿಲ್ಲ. ಬಗ್ಗಿ ಬೆರಳಿಗೆ ಕೆಸರು ತೆಗೆದು ಅವನ ಕೆನ್ನೆಗೆ ಇಟ್ಟಳು.

"ಬೇಗ ಬಂದ್ಬುಡಿ."

ಅವನು ತಿರುಗಿ ನೋಡದೆ ಏರಿಯ ಮೇಲೆ ನಡೆದ. ಅವಳು ಬಾಗಿಲು ಬಡಿಯುತ್ತಾ, ಮಕ್ಕಳನ್ನು ಎಳೆಯುತ್ತಾ ಓಡಿದಳು. ಆಗ ಅತ್ತ ಗೋಡೆ ಕುಸಿದ ಸದ್ದು; ಹಿಂದೆಯೇ ಕೋಡಿಯ ಭೋರ್ಗರೆತ.

"ಏರಿ ಉಳೀತು ಕಣಮ್ಮ!" ಮುದುಕಿ ಪುಟ್ಟತಾಯಮ್ಮ ಅವಳನ್ನು ತಬ್ಬಿ ಅತ್ತಳು. ಹೇಮಶ್ರೀಯ ಕಣ್ಣು ಏರಿಯ ಮೇಲಿನ ದಾರಿಯಲ್ಲೇ ನೆಟ್ಟಿತ್ತು. ದಾರಿ ಖಾಲಿ.

ಬೆಳಿಗ್ಗೆ ಕೆರೆ ಇಳಿದಿತ್ತು. ದಡದಂಚಿನ ಗೇಣುದ್ದದ ನೀರಿಗೆ ಬೆಳ್ಳಕ್ಕಿಗಳು ಬಂದಿಳಿದವು. ಅವಳು ಬೆರಳಿನ ಕೆಸರು ತೊಳೆಯದೆ ಕೋಡಿಯ ಕಡೆಗೇ ನೋಡುತ್ತಾ ಕೂತಿದ್ದಳು. ಅವನು ಬರಲಿಲ್ಲ.