ಹಲಗೆ ಸೇತುವೆಯ ಆಚೆ ದಡ

ಹಿಂದಿನಿಂದ ಹೆಜ್ಜೆ ಸದ್ದು ಕೇಳಿಸತೊಡಗಿ ಅರ್ಧ ಗಂಟೆಯಾಗಿತ್ತು. ಸವೇತಾ ನಿಂತರೆ ಅದೂ ನಿಲ್ಲುತ್ತಿತ್ತು. ನಡೆದರೆ ಮತ್ತೆ ಶುರುವಾಗುತ್ತಿತ್ತು, ಗಟ್ಟಿಯಾದ ಹಿಮದ ಮೇಲೆ ಬೂಟಿನ ಕರಕರ.

ಸಿಗೆತ್ ಸಂತೆಯಲ್ಲಿ ಅವಳು ಬಲಾನಾ ಎಂಬ ಬಿಳಿ ಹೆಣ್ಣು ಕುದುರೆ ಕೊಂಡದ್ದನ್ನು ಹತ್ತಾರು ಜನ ನೋಡಿದ್ದರು. ಒಂಟಿ ಹೆಂಗಸು, ಹೊಸ ಕುದುರೆ, ಮಧ್ಯಾಹ್ನಕ್ಕೇ ಮಂಜು ಕವಿದ ಕಣಿವೆ ದಾರಿ. ಸೊಂಟದ ಚಾಕುವನ್ನು ಕೈಗೆ ತೆಗೆದುಕೊಂಡು ಅವಳು ತಿರುಗಿ ನಿಂತಳು.

"ಯಾರದು? ಅಲ್ಲೇ ನಿಂತು ಹೇಳಿ."

ಮಂಜಿನಿಂದ ಹೊರಬಂದವನು ಟೋಪಿ ತೆಗೆದ. ಕುದುರೆ ಮಾರಿದವನೇ. ಗವ್ರಿಲಾ, ಹೊಳೆಯ ಕೆಳಗಿನ ಹಳ್ಳಿಯಲ್ಲಿ ಮರದ ದಿಮ್ಮಿ ಎಳೆಸುವವನು. ಮೀಸೆಯ ಮೇಲೆ ಹಿಮ ಕೂತು ಬೆಳಿಗ್ಗೆಗಿಂತ ಹತ್ತು ವರ್ಷ ಮುದುಕನಾಗಿ ಕಂಡ.

"ಒಂದು ವಿಷಯ ಹೇಳೋದು ಬಿಟ್ಟಿದ್ದೆ," ಎಂದ. "ಬಲಾನಾ ಸೇತುವೆ ಹತ್ತಲ್ಲ."

"ಇಷ್ಟು ಹೇಳೋಕೆ ಅರ್ಧ ಗಂಟೆ ಕಳ್ಳನ ಹಾಗೆ ಹಿಂದೆ ಬಂದ್ರಾ?"

"ಕೂಗಿದ್ರೆ ಹೆದರಿ ಓಡ್ತೀರಿ ಅಂದ್ಕೊಂಡೆ. ಕೂಗದೇ ಇದ್ದಿದ್ದಕ್ಕೆ ಚಾಕು ತೆಗ್ದಿದೀರಿ."

ನಗು ಬಂದದ್ದನ್ನು ಅವಳು ತೋರಿಸಿಕೊಳ್ಳಲಿಲ್ಲ. ಬಲಾನಾ ಮರಿಯಾಗಿದ್ದಾಗ ಮಂಜುಗಡ್ಡೆ ಒಡೆದು ಹೊಳೆಗೆ ಬಿದ್ದಿತ್ತಂತೆ. ಅವತ್ತಿನಿಂದ ಕಾಲಡಿಯಲ್ಲಿ ನೀರಿನ ಸದ್ದು ಕೇಳಿದರೆ ನಡುಗುತ್ತದಂತೆ. ಅವನ ಕೆಲಸವೆಲ್ಲ ದಿನಕ್ಕೆ ಎರಡು ಸಲ ಸೇತುವೆ ದಾಟುವುದು. ಅದಕ್ಕೇ ಮಾರಿದ್ದು. ಸಂತೆಯಲ್ಲಿ ಕಸಾಯಿಯವನು ಹೆಚ್ಚು ಹಣ ಕೊಡುತ್ತೇನೆಂದರೂ ಅವನಿಗೆ ಮಾರಿರಲಿಲ್ಲ.

"ನಿಮಗೆ ಈ ಒಂದು ಸೇತುವೆ ದಾಟಿದ್ರೆ ಮುಗೀತು. ನಿಮ್ಮ ಹುಲ್ಲುಗಾವಲು, ಕಾಡು ಎರಡೂ ಆ ದಡದಲ್ಲೇ ಇವೆಯಲ್ಲ."

"ನಿಮಗೆ ಹೇಗೆ ಗೊತ್ತು?"

ಗವ್ರಿಲಾ ಕುದುರೆಯ ಕಿವಿಯಲ್ಲಿ ಏನೋ ಸಿಕ್ಕಿಕೊಂಡಿದೆಯೆಂಬಂತೆ ಅದನ್ನೇ ನೋಡತೊಡಗಿದ. ಚಳಿಗೆ ಮೊದಲೇ ಕೆಂಪಾಗಿದ್ದ ಮುಖ ಇನ್ನಷ್ಟು ಕೆಂಪಾಯಿತು.

ಹಲಗೆ ಸೇತುವೆ ತಲುಪುವಷ್ಟರಲ್ಲಿ ಗಾಳಿ ಎದ್ದಿತ್ತು. ಉಸಿರು ಎಳೆದರೆ ಮೂಗಿನೊಳಗೆ ಸೂಜಿ ಚುಚ್ಚಿದಂತಾಗುತ್ತಿತ್ತು. ಬಲಾನಾ ಮೊದಲ ಹಲಗೆಯ ಮುಂದೆ ನಾಲ್ಕೂ ಕಾಲು ಊರಿ ನಿಂತುಬಿಟ್ಟಿತು. ಬೆವತಿದ್ದ ಅದರ ಬೆನ್ನಿನ ಮೇಲೆ ಬೆವರು ಹೆಪ್ಪುಗಟ್ಟತೊಡಗಿತ್ತು. ಹೆಚ್ಚು ಹೊತ್ತು ನಿಂತರೆ ಕುದುರೆ ಉಳಿಯುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಸವೇತಾ ತಲೆಗೆ ಕಟ್ಟಿದ್ದ ಉಣ್ಣೆಯ ಬಟ್ಟೆ ಬಿಚ್ಚಿ ಕುದುರೆಯ ಕಣ್ಣಿಗೆ ಕಟ್ಟಿದಳು. ಬಿಚ್ಚಿಕೊಂಡ ಅವಳ ಕೂದಲನ್ನು ಗವ್ರಿಲಾ ಒಂದು ಕ್ಷಣ ನೋಡಿ, ತಪ್ಪು ಮಾಡಿದವನ ಹಾಗೆ ಹೊಳೆಯ ಕಡೆ ತಿರುಗಿದ. ಮುಂದೆ ಅವಳು ಹಗ್ಗ ಹಿಡಿದಳು. ಹಿಂದೆ ಅವನು ಕುದುರೆಯ ಬೆನ್ನಿಗೆ ಕೈಯಿಟ್ಟು, ಮಗುವಿಗೆ ಹೇಳುವಂತೆ ಏನೇನೋ ಹೇಳುತ್ತ ಬಂದ. ಒಂದು ಹಲಗೆ, ಇನ್ನೊಂದು. ಕೆಳಗೆ ಮಂಜುಗಡ್ಡೆಯ ಸೀಳುಗಳಲ್ಲಿ ಕಪ್ಪು ನೀರು ಗುಳುಗುಳು ಎನ್ನುತ್ತಿತ್ತು.

ಬಲಾನಾ ದಡಕ್ಕೆ ಕಾಲಿಟ್ಟಿತು. ಅದರ ಭಾರಕ್ಕೆ ಸೀಳಿದ್ದ ಕೊನೆಯ ಹಲಗೆ ಗವ್ರಿಲಾನ ಕಾಲಡಿಯಲ್ಲಿ ಮುರಿಯಿತು.

ಅವನು ಒಂದು ಕಾಲು ತೊಡೆಯವರೆಗೆ ನೀರಿಗಿಳಿದು, ಎದೆ ಹಲಗೆಗೆ ಬಡಿದು ಸಿಕ್ಕಿಕೊಂಡಿದ್ದ. ಸವೇತಾ ಹಗ್ಗದ ತುದಿ ಎಸೆದಳು. "ಹಿಡ್ಕೋ. ಎರಡೂ ಕೈಯಲ್ಲಿ ಹಿಡ್ಕೋ, ಮಾರಾಯ." ಕುದುರೆ ಎಳೆಯಿತು, ಅವಳೂ ಎಳೆದಳು. ಅವನು ಹಿಮದ ಮೇಲೆ ಬಂದು ಬಿದ್ದಾಗ ಪ್ಯಾಂಟು ಆಗಲೇ ತಗಡಿನಂತೆ ಸೆಟೆಯತೊಡಗಿತ್ತು.

ಒದ್ದೆ ಬೂಟು ಕಿತ್ತು, ಕುದುರೆಯ ಕಣ್ಣಿನ ಬಟ್ಟೆಯನ್ನೇ ಬಿಚ್ಚಿ ಪಾದಕ್ಕೆ ಸುತ್ತಿದಳು. ಮನೆಗೆ ಇನ್ನೂ ನಾಲ್ಕು ಕಿಲೋಮೀಟರ್. ನಡುವೆ ಒಂದು ಗುಡಿಸಲೂ ಇಲ್ಲ.

"ಸ್ವಲ್ಪ ಕೂತ್ಕೋತೀನಿ," ಎಂದ ಅವನು.

ನಾಲ್ಕು ವರ್ಷದ ಹಿಂದೆ ಅವಳ ಗಂಡ ನಿಸ್ತೋರ್ ಕಾಡಿನಿಂದ ಬರುವಾಗ ದಾರಿಯಲ್ಲಿ ಹೀಗೇ ಸ್ವಲ್ಪ ಕೂತಿದ್ದ. ಮರಕ್ಕೊರಗಿ ಕೂತಲ್ಲೇ ಚಳಿಗೆ ಸತ್ತವನನ್ನು ಹಾಗೇ ಹೊತ್ತು ತಂದಿದ್ದರು.

"ಕೂತ್ರೆ ನಾನೇ ಕೊಲ್ತೀನಿ. ಹತ್ತು."

ಅವನನ್ನು ಕುದುರೆಯ ಮೇಲೆ ಹತ್ತಿಸಿ, ಕಾಲನ್ನು ಅದರ ಬೆಚ್ಚನೆಯ ಹೊಟ್ಟೆಗೆ ಒತ್ತಿ ಹಿಡಿದುಕೊಂಡು ನಡೆದಳು. ಮಾತಾಡುತ್ತಲೇ ಇರಬೇಕು, ನಿಲ್ಲಿಸಬಾರದು ಎಂದು ಅಪ್ಪಣೆ ಮಾಡಿದಳು. ಅವನು ಬಲಾನಾ ಹುಟ್ಟಿದ ದಿನದ ಬಗ್ಗೆ ಹೇಳಿದ. ಅಮ್ಮನ ಬಗ್ಗೆ, ಗರಗಸದ ಮಿಲ್ಲಿನ ಬಗ್ಗೆ ಹೇಳಿದ. ಮಾತು ತೊದಲತೊಡಗಿತು. ಮಾತು ತಡವರಿಸಿದಾಗೆಲ್ಲ ಅವಳು ಅವನ ಮೊಣಕಾಲನ್ನು ಅಲುಗಾಡಿಸಿದಳು.

"ಹೇಳೋಕೆ ಇನ್ನೇನೂ ಉಳಿದಿಲ್ಲ," ಎಂದ.

"ಇದ್ದೇ ಇರುತ್ತೆ. ಹೇಳು."

ಅವನು ಮೆಲ್ಲಗೆ ಹೇಳಿದ. "ಹೋದ ಸೆಪ್ಟೆಂಬರ್ ಸಂತೇಲಿ ನೀವು ಬಕೆಟ್ ಕೊಳ್ತಿದ್ರಿ. ನೀರು ತುಂಬಿಸಿ ಸೋರಲ್ಲ ಅಂತ ತೋರ್ಸು, ಆಮೇಲೆ ಕೊಳ್ತೀನಿ ಅಂತ ಹಠ ಹಿಡಿದ್ರಿ. ಅವತ್ತಿಂದ..."

ತಲೆ ಎದೆಗೆ ವಾಲಿತು.

"ಅವತ್ತಿಂದ ಏನು? ಗವ್ರಿಲಾ, ಅವತ್ತಿಂದ ಏನು?"

"ನಮ್ಮನೇಲಿ ಈಗ ಐದು ಬಕೆಟ್ ಇವೆ." ಕಣ್ಣು ಮುಚ್ಚಿಕೊಂಡೇ ಹೇಳಿದ. "ಮತ್ತೆ ಬರ್ತೀರೇನೋ ಅಂತ ಪ್ರತಿ ಸಂತೇಲೂ ಆ ಅಂಗಡಿ ಮುಂದೆ ನಿಲ್ತಿದ್ದೆ. ಸುಮ್ನೆ ನಿಲ್ಲೋಕಾಗಲ್ವಲ್ಲ. ಒಂದೊಂದು ಕೊಂಡೆ."

ಸವೇತಾ ನಕ್ಕಳು. ನಗುವಿನ ಮಧ್ಯೆ ಕಣ್ಣೀರು ಬಂದು ರೆಪ್ಪೆಯ ಮೇಲೇ ಹೆಪ್ಪುಗಟ್ಟಿತು. ಬಕೆಟ್ಟುಗಳ ಬಣ್ಣ ಯಾವುದು, ಒಂದೊಂದಾಗಿ ಹೇಳು ಎಂದು ಕಾಡಿದಳು. ಐದನೆಯದರ ಬಣ್ಣ ಹೇಳುವಷ್ಟರಲ್ಲಿ ಅವಳ ಮನೆಯ ಬೇಲಿ ಕಂಡಿತು.

ಬಲಾನಾಗೆ ಕಂಬಳಿ ಹೊದಿಸಿ, ಹುಲ್ಲು ಹಾಕಿ ಓಡಿ ಬಂದಳು. ಉಗುರುಬೆಚ್ಚನೆಯ ನೀರಿನಲ್ಲಿ ಅವನ ಪಾದ ಮೇಣದ ಹಾಗೆ ಬೆಳ್ಳಗಿತ್ತು. ಬೆರಳು ಮುಟ್ಟಿದರೆ ಏನೂ ಗೊತ್ತಾಗುತ್ತಿಲ್ಲ ಎಂದ. ಅವಳು ಒಲೆಯ ಪಕ್ಕ ನೆಲದ ಮೇಲೆ ಕೂತು ಆ ಬೆರಳುಗಳನ್ನೇ ನೋಡುತ್ತಿದ್ದಳು. ಕೊನೆಗೆ ಅವನು ಹಲ್ಲು ಕಚ್ಚಿ ನರಳಿದ. ನೋವು ಬಂದಿತ್ತು. ಹೆಬ್ಬೆರಳು ಕೆಂಪಾಯಿತು, ಆಮೇಲೆ ಉಳಿದವು.

"ದಾರೀಲಿ ನನ್ನನ್ನ ಹೋಗೋ ಬಾರೋ ಅಂತ ಬೈದ್ರಿ," ಎಂದ ಸ್ವಲ್ಪ ಹೊತ್ತಿನ ಮೇಲೆ.

"ಹೆದರಿಕೆಯಾಗಿತ್ತು."

"ಈಗ?"

"ಈಗ್ಲೂ ಇದೆ." ಅವಳು ತಲೆ ಎತ್ತಲಿಲ್ಲ. "ಕತ್ತಲಾದ್ರೆ ದಾರಿ ನೋಡೋದು ಎಂಥದ್ದು ಅಂತ ನನಗೆ ಗೊತ್ತು. ಇನ್ನೊಂದ್ಸಲ ಬೇಡ ಅಂತ ತೀರ್ಮಾನ ಮಾಡಿದ್ದೆ."

ಅವನು ತಮಾಷೆ ಮಾಡಲಿಲ್ಲ. "ಆ ಭಯ ಹೋಗುತ್ತೆ ಅಂತ ನಾನು ಹೇಳಲ್ಲ. ಬೆಳಕಿರೋವಾಗ್ಲೇ ಮನೆಗೆ ಬರ್ತೀನಿ. ದಿನಾ. ಅಷ್ಟು ಹೇಳಬಲ್ಲೆ."

ನೀರು ತಣ್ಣಗಾಗುತ್ತಿತ್ತು. ಸವೇತಾ ಎದ್ದು ಒಲೆಯ ಮೇಲಿನ ಕೆಟಲ್ ತಂದು, ಅವನ ಪಾದಕ್ಕೆ ತಾಗದಂತೆ ಅಂಚಿನಲ್ಲಿ ನಿಧಾನವಾಗಿ ಸುರಿದಳು.

"ಕಾಲು ತೆಗೀಬೇಡ," ಎಂದಳು. "ನೀನು ಇಲ್ಲೇ ಇರು."